ಅಡಿಕೆ ಹಾಳೆಯ ಡಿಫ್ಯೂಸರ್, ತಿರುವಿ ಹಾಕಿದ ಲೆನ್ಸು: ಮಳೆಗಾಲದ ತೋಟದಲ್ಲಿ ಮ್ಯಾಕ್ರೋ

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಜುಲೈ ತಿಂಗಳ ನಡು ಮಧ್ಯಾಹ್ನವೂ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್/8, ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಳತೆ) 400 ಇಟ್ಟರೆ ಶಟರ್ ಸೆಕೆಂಡಿನ 1/15ಕ್ಕಿಂತ ಮೇಲೆ ಏರುವುದು ಕಷ್ಟ. ಮ್ಯಾಕ್ರೋಗೆ, ಅಂದರೆ ಹುಳದಂಥ ಪುಟ್ಟ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದಕ್ಕೆ, ಇಳಿದರೆ ಅದರಲ್ಲಿ ಇನ್ನೆರಡು ಸ್ಟಾಪ್ (ಬೆಳಕಿನ ಮುಕ್ಕಾಲು ಪಾಲು) ಹೋಯಿತು. ಹಾಗಾಗಿ ಇಲ್ಲಿ ಮೊದಲು ಬೆಳಕಿನ ವ್ಯವಸ್ಥೆ ಆಗಬೇಕು, ಲೆನ್ಸಿನ ಮಾತು ಆಮೇಲೆ. ಹೊಸಬರು ಮೊದಲು ಕೇಳುವುದು ಮ್ಯಾಕ್ರೋ ಲೆನ್ಸಿನ ಬೆಲೆ. ನನ್ನ ಸೆಟಪ್ಪಿನಲ್ಲಿ ಲೆನ್ಸಿಗೆ ಖರ್ಚಾದದ್ದು ಒಂದು ರಿವರ್ಸ್ ರಿಂಗಿನ ದುಡ್ಡು ಮಾತ್ರ, ಸಾಮಾನ್ಯ ಲೆನ್ಸನ್ನು ಹಿಂದುಮುಂದಾಗಿ ತಿರುವಿ ಕ್ಯಾಮೆರಾಕ್ಕೆ ಕೂರಿಸಿ ಮ್ಯಾಕ್ರೋ ಮಾಡುವ ಬಳೆ ಅದು. ಫ್ಲಾಶಿನ ಬೆಳಕನ್ನು ಹರಡಿ ಮೆದುವಾಗಿಸುವ ಡಿಫ್ಯೂಸರಿಗೆ ದುಡ್ಡು ಖರ್ಚಾಗಲಿಲ್ಲ, ಹೊತ್ತು ಬಹಳ ಹೋಯಿತು.

ರಿಂಗಿನ ಒಂದು ಬದಿ ಕ್ಯಾಮೆರಾದ ಮೌಂಟಿಗೆ, ಇನ್ನೊಂದು ಬದಿ ಲೆನ್ಸಿನ ಫಿಲ್ಟರ್ ಎಳೆಗೆ. ಕೊಳ್ಳುವಾಗ ಎರಡನ್ನೂ ನೋಡಬೇಕು. ನಾನು ಬಳಸುವ ನಿಕಾನ್ 50 ಎಂಎಂ ಎಫ್/1.8ಡಿಗೆ 52 ಎಂಎಂ ಎಳೆ. ಇದರ ಲಾಭವೆಂದರೆ ಲೆನ್ಸಿನ ಮೇಲೇ ಅಪರ್ಚರ್ ರಿಂಗ್ ಇದೆ, ಎಫ್/8ಕ್ಕೆ ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ. ಅಪರ್ಚರ್ ರಿಂಗಿಲ್ಲದ ನಿಕಾನ್ ಜಿ ಲೆನ್ಸು ತಿರುವಿದರೆ ಅಪರ್ಚರ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಿಂದಿನ ಪುಟ್ಟ ಲಿವರಿಗೆ ಕಾಗದದ ಚೂರು ಸಿಕ್ಕಿಸಿ ಅರೆ ತೆರೆದಿಡಬೇಕು. ಕ್ಯಾನನ್ ಇಎಫ್ ಲೆನ್ಸಾದರೆ ನೆಟ್ಟಗೆ ಹಾಕಿದ್ದಾಗಲೇ ಎಫ್/8 ಕೊಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ (ಅಪರ್ಚರನ್ನು ಮೊದಲೇ ಮುಚ್ಚಿ ತೋರಿಸುವಂಥದ್ದು) ಒತ್ತಿ ಹಿಡಿದುಕೊಂಡೇ ಲೆನ್ಸು ಬಿಚ್ಚಿ. ಅಪರ್ಚರ್ ಅಲ್ಲೇ ಉಳಿಯುತ್ತದೆ.

ತಿರುವಿದ ಮೇಲೆ ಲೆನ್ಸಿನ ಹಿಂಬದಿಯ ಗಾಜು ಮಳೆಗೆ ಮುಖ ಮಾಡುತ್ತದೆ. ಹಳೆಯ ಹಿಂಬದಿ ಕ್ಯಾಪಿನ ತಳ ಕೊರೆದು ತೆಗೆದು ಹಾಕಿಕೊಂಡರೆ ಅದೇ ಹುಡ್ ಆಗುತ್ತದೆ, ಎಲೆಯಂಚಿನ ಹನಿಯೂ ಒಳಗೆ ಬೀಳುವುದಿಲ್ಲ.

ಎಷ್ಟು ಪಟ್ಟು ಸಿಕ್ಕಿತು ಎನ್ನುವುದಕ್ಕೆ ಸ್ಕೇಲಿನ ಫೋಟೊ ತೆಗೆಯಿರಿ. ನಿಕಾನ್ ಎಪಿಎಸ್-ಸಿ ಸೆನ್ಸರ್ 23.5 ಮಿಮೀ ಅಗಲ, ಚೌಕಟ್ಟಿನಲ್ಲಿ 23.5 ಮಿಮೀ ಕಂಡರೆ 1:1, ಹನ್ನೆರಡು ಕಂಡರೆ 2:1. 50 ಎಂಎಂ ತಿರುವಿದರೆ 1:1ರ ಆಸುಪಾಸು. 18-55 ಕಿಟ್ ಲೆನ್ಸು ತಿರುವಿ 18ಕ್ಕೆ ತಂದರೆ ಎರಡೂವರೆ ಪಟ್ಟು ದಾಟುತ್ತದೆ. ಆಸೆಯಾಗುವುದು ಸಹಜ, ಆದರೆ ಕೈಯಲ್ಲಿ ಹಿಡಿದು ಅದರಲ್ಲಿ ಫೋಕಸ್ ಸಿಗಿಸುವುದು ತಲೆನೋವು. ಎಫ್/8ರಲ್ಲಿ 1:1ಕ್ಕೆ ಸ್ಪಷ್ಟ ಕಾಣುವ ಆಳ ಅರ್ಧ ಮಿಮೀಗಿಂತ ಸ್ವಲ್ಪ ಹೆಚ್ಚು, 2:1ಕ್ಕೆ ಹೋದರೆ ಕಾಲು ಮಿಮೀ. ಹಾಗಂತ ಎಫ್/16ಕ್ಕೆ ಮುಚ್ಚಿದರೂ ಗೆಲ್ಲುವುದಿಲ್ಲ. 1:1ರಲ್ಲಿ ಎಫ್/8 ಎನ್ನುವುದೇ ಬೆಳಕಿನ ಲೆಕ್ಕಕ್ಕೆ ಎಫ್/16 ಆಗಿರುತ್ತದೆ. ಎಫ್/16 ಎಂದರೆ ಎಫ್/32, ಡಿಫ್ರ್ಯಾಕ್ಷನ್ನಿನಿಂದ (ಸಣ್ಣ ಕಿಂಡಿಯಲ್ಲಿ ತೂರುವ ಬೆಳಕು ಹರಡಿಕೊಳ್ಳುವುದರಿಂದ) ಜೇಡದ ಮೈಮೇಲಿನ ಕೂದಲೆಲ್ಲ ಮೇಣ ಸವರಿದ ಹಾಗೆ ಮಂಕಾಗುತ್ತದೆ. ನಾನು ಎಫ್/8 ದಾಟುವುದು ಅಪರೂಪ.

ಈಗ ಡಿಫ್ಯೂಸರ್. ತೋಟದಲ್ಲಿ ಬಿದ್ದ ಅಗಲದ ಅಡಿಕೆ ಹಾಳೆಯೊಂದನ್ನು ಆರಿಸಿ, ಬಿರುಕಿಲ್ಲದ ಭಾಗದಲ್ಲಿ 30 × 22 ಸೆಂಮೀ ಕತ್ತರಿಸಿಕೊಳ್ಳಿ. ಒಣ ಹಾಳೆ ಬಗ್ಗಿಸಿದರೆ ಎಳೆಯುದ್ದಕ್ಕೆ ಸೀಳುತ್ತದೆ, ಅದಕ್ಕೆ ರಾತ್ರಿಯಿಡೀ ನೀರಲ್ಲಿ ಹಾಕಿಡಬೇಕು. ಬೆಳಿಗ್ಗೆ ಫ್ಲಾಶ್ ತಲೆಯಷ್ಟೇ ಅಗಲದ ಮರದ ತುಂಡಿಗೆ ಒಂದು ಬದಿ ಸುತ್ತಿ, ಮುಂದಿನ ಬದಿ ಗೊರಬಿನಂತೆ ಕೆಳಕ್ಕೆ ಬಾಗಿಸಿ ಹಗ್ಗ ಕಟ್ಟಿ. ಮಳೆಗಾಲದಲ್ಲಿ ಒಣಗಲು ಬಚ್ಚಲ ಒಲೆಯ ಮೇಲಿನ ಜಾಗವೇ ಒಳ್ಳೆಯದು. ಒಣಗಿದ ಮೇಲೆ ಒಳಮೈಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ, ಹೊರಮೈಗೆ ವಾರ್ನಿಶ್ ಒಂದು ಕೈ ಹೊಡೆಯಿರಿ. ವಾರ್ನಿಶ್ ಇಲ್ಲದಿದ್ದರೆ ಹಾಳೆಗೆ ಬೂಸಲು ಹಿಡಿಯುತ್ತದೆ, ಎರಡು ಮಳೆಗೆ ಮೆತ್ತಗಾಗಿ ಜೋಲುತ್ತದೆ.

ಮುಂಭಾಗಕ್ಕೆ ಟಿವಿ, ಮಿಕ್ಸಿ ಸುತ್ತಿ ಬರುವ ಬಿಳಿ ಫೋಮ್ ಹಾಳೆ, ಎರಡು ಪದರ. ಎರಡರ ನಡುವೆ 3-4 ಸೆಂಮೀ ಅಂತರ ಇರಲೇಬೇಕು. ಪದರಗಳನ್ನು ಒಂದಕ್ಕೊಂದು ಅಂಟಿಸಿದರೆ ಬೆಳಕು ನಡುವಲ್ಲೇ ಗುಡ್ಡೆಯಾಗಿ ಉಳಿಯುತ್ತದೆ, ದುಂಬಿಯ ಬೆನ್ನಿನ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಅಂತರ ಕೊಟ್ಟರೆ ಮೊದಲ ಪದರದಲ್ಲಿ ಹರಡಿದ ಬೆಳಕು ಎರಡನೆಯದನ್ನು ಪೂರ್ತಿ ತುಂಬುತ್ತದೆ. ಕೆಳಗಿನ ಅಂಚಿನಲ್ಲಿ ಲೆನ್ಸಿಗೆಂದು ಅರ್ಧಚಂದ್ರದ ಕಚ್ಚು, ಫ್ಲಾಶಿಗೆ ಕಟ್ಟಲು ವೆಲ್ಕ್ರೋ ಪಟ್ಟಿ. ಅಂಗಡಿಯ ಚಿಕ್ಕ ಸಾಫ್ಟ್‌ಬಾಕ್ಸುಗಳು ನನಗೆ ಒಗ್ಗಲಿಲ್ಲ. ಅವು ಫ್ಲಾಶಿನ ಮುಂದೆ ನೆಟ್ಟಗೆ ನಿಲ್ಲುತ್ತವೆ, ಲೆನ್ಸಿನ ತುದಿಯ ಆಚೆ ನಾಲ್ಕು ಸೆಂಮೀ ದೂರದಲ್ಲಿ ಕೂತ ಹುಳದ ಮೇಲೆ ಬಾಗುವುದಿಲ್ಲ.

ಸೆಟ್ಟಿಂಗ್ ಸರಳ: ಎಲ್ಲವೂ ಮ್ಯಾನುವಲ್, ಶಟರ್ 1/160, ಐಎಸ್ಒ 200, ಫ್ಲಾಶ್ ಪೂರ್ತಿ ಶಕ್ತಿಯ 1/16. ಪರದೆಯ ಮೇಲೆ ಹೈಲೈಟ್ (ಬೆಳಕು ಮಿತಿಮೀರಿದ ಭಾಗ) ಮಿನುಗಿದರೆ 1/32ಕ್ಕೆ ಇಳಿಸಿ. ಚಿತ್ರವನ್ನು ಹೆಪ್ಪುಗಟ್ಟಿಸುವುದು ಶಟರ್ ಅಲ್ಲ, ಫ್ಲಾಶಿನ ಮಿಂಚು. ಶಕ್ತಿ ಇಳಿಸಿದಷ್ಟೂ ಆ ಮಿಂಚು ಚಿಕ್ಕದಾಗುತ್ತದೆ, ಆದ್ದರಿಂದ ಫುಲ್ ಪವರಿನಲ್ಲಿ ಹೊಡೆದರೆ ಕೈ ನಡುಕ ಕಾಣಿಸಿಕೊಳ್ಳುತ್ತದೆ. ಸೆಲ್ ಎನ್‌ಐಎಂಎಚ್ (NiMH) ರೀಚಾರ್ಜಬಲ್ ಇರಲಿ, ಅಲ್ಕಲೈನಿಗಿಂತ ಅದರಲ್ಲಿ ಫ್ಲಾಶ್ ಮುಂದಿನ ಹೊಡೆತಕ್ಕೆ ಬೇಗ ತುಂಬಿಕೊಳ್ಳುತ್ತದೆ.

ಹಿನ್ನೆಲೆ ಕಪ್ಪಾಗುವುದು ಎಲ್ಲರ ದೂರು. ಡಿಫ್ಯೂಸರಿನಿಂದ ಹುಳ 6 ಸೆಂಮೀ, ಹಿಂದಿನ ಗಿಡ 60 ಸೆಂಮೀ ಇದ್ದರೆ ಗಿಡಕ್ಕೆ ತಲುಪುವ ಬೆಳಕು ನೂರರಲ್ಲಿ ಒಂದು ಪಾಲು, ಕಪ್ಪಾಗದೆ ಇನ್ನೇನು? ಹುಳದ ಹಿಂದೆ ಒಂದು ಗೇಣಿನೊಳಗೆ ಕೆಸುವಿನ ಎಲೆಯನ್ನೋ ಏಲಕ್ಕಿ ಸೋಗೆಯನ್ನೋ ಹಿಡಿದರೆ ಸಾಕು. ಶಟರ್ 1/60, ಐಎಸ್ಒ 800 ಮಾಡಿ ತೋಟದ ಬೆಳಕು ಬೆರೆಸುವ ದಾರಿಯೂ ಇದೆ. ಆದರೆ ಗಾಳಿ ಇದ್ದಾಗ ಫ್ಲಾಶಿನ ಸ್ಪಷ್ಟ ಚಿತ್ರದ ಪಕ್ಕದಲ್ಲಿ ನೆರಳಿನಂಥ ಇನ್ನೊಂದು ಮೂಡುತ್ತದೆ.

ಫೋಕಸ್ ರಿಂಗ್ ಮುಟ್ಟುವ ಹಾಗೇ ಇಲ್ಲ. ಮೈಯನ್ನೇ ಹಿಂದೆ ಮುಂದೆ ಆಡಿಸಬೇಕು. ಎಲೆಯ ತೊಟ್ಟನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಲೆನ್ಸಿನ ತುದಿಯನ್ನು ಅದೇ ಕೈಯ ಮೇಲೆ ಊರಿ. ಆಗ ಎಲೆ, ಲೆನ್ಸು ಎರಡೂ ಒಟ್ಟಿಗೇ ಅಲ್ಲಾಡುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಟ್ರೈಪಾಡ್ ಅಣಬೆಗೆ ಮಾತ್ರ. ಸೊಪ್ಪಿನ ಬೆಟ್ಟದ ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ) ಎದ್ದ ಅಣಬೆ ಅಲುಗದೆ ಕೂತಿರುತ್ತದಾದ್ದರಿಂದ ಫೋಕಸ್ ಸ್ಟ್ಯಾಕಿಂಗಿಗೆ (ಫೋಕಸ್ ಸರಿಸುತ್ತ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಸೇರಿಸುವುದಕ್ಕೆ) ಹೇಳಿ ಮಾಡಿಸಿದ ವಸ್ತು: ಕ್ಯಾಮೆರಾ ಜಾರಿಸುವ ರೇಲಿನ ಮೇಲೆ 0.4 ಮಿಮೀ ಹೆಜ್ಜೆಯಲ್ಲಿ ಇಪ್ಪತ್ತು ಫ್ರೇಮ್.

ಈ ಸೆಟಪ್ಪಿಗೆ ತಕ್ಕ ವಿಷಯವೆಂದರೆ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡಿನ ಸುತ್ತಮುತ್ತ ಅಡ್ಡಾಡುವ, ಚಗಳಿಯಂತೆಯೇ ಕಾಣುವ ಜೇಡ, ಮಿರ್ಮಪ್ಲಾಟಾ. ಮುಂದಿನ ಕಾಲುಗಳನ್ನು ಮೀಸೆಯ ಹಾಗೆ ಎತ್ತಿಕೊಂಡು ನಡೆಯುತ್ತದೆ. ಕಾಲು ಎಣಿಸಿದರೆ ಎಂಟು. ಬೆದರಿದರೆ ನೂಲು ಬಿಟ್ಟು ಕೆಳಕ್ಕೆ ಇಳಿಯುತ್ತದೆ, ಇರುವೆ ಹಾಗೆ ಮಾಡುವುದಿಲ್ಲ. ಕಾರವಾರದ ಮರಳಿನ ಏಡಿಗೆ ಮಾತ್ರ ಈ ಲೆನ್ಸು ಬೇಡ. ನಾಲ್ಕು ಸೆಂಮೀ ಹತ್ತಿರ ಹೋಗುವ ಮಾತು ಹಾಗಿರಲಿ, ನಾಲ್ಕು ಮೀಟರಿನಲ್ಲೇ ಬಿಲ ಸೇರಿರುತ್ತದೆ. ಅದಕ್ಕೆ 70-300 ಎಂಎಂ ಲೆನ್ಸು ಹಿಡಿದು ಮಲಗುವುದೇ ಸರಿ.

ಕೊಳೆ ಔಷಧಿ ಹೊಡೆದ ತೋಟಕ್ಕೆ ಒಂದೆರಡು ಒಳ್ಳೆಯ ಮಳೆ ಬರುವವರೆಗೆ ಹೋಗಬೇಡಿ. ಮೈಲುತುತ್ತ, ಸುಣ್ಣದ ತಿಳಿನೀಲಿ ಕಲೆ ಎಲೆಯ ಮೇಲೆಲ್ಲ ಇರುತ್ತದೆ, ಮೇಲಿಂದ ತೊಟ್ಟಿಕ್ಕುವ ಹನಿ ಗಾಜಿಗೂ ಒಳ್ಳೆಯದಲ್ಲ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಹಚ್ಚುವವರು ಆ ಕೈಯಲ್ಲಿ ಕ್ಯಾಮೆರಾ ಮುಟ್ಟುವ ಮುಂಚೆ ತೊಳೆದುಕೊಳ್ಳಲಿ.

ಮನೆಗೆ ಬಂದ ಮೇಲೆ ಲೆನ್ಸು ಚರ್ಮದ ಚೀಲಕ್ಕಾಗಲೀ ಮರದ ಕಪಾಟಿಗಾಗಲೀ ಹೋಗಬಾರದು, ಫಂಗಸ್ ಹಿಡಿಯುವುದು ಅಲ್ಲೇ. ರಬ್ಬರ್ ಅಂಚಿನ ಬಿಗಿ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ತೇವಮಾಪಕ, ಅರ್ಧ ಕಿಲೋ ಸಿಲಿಕಾ ಜೆಲ್. ಮುಳ್ಳು 45-50 ಶೇಕಡಾದಲ್ಲಿ ನಿಲ್ಲಬೇಕು. ಅಕ್ಕಿಯಲ್ಲಿ ಹುಗಿದಿಟ್ಟರೆ ಸಿಗುವುದು ಹೊಟ್ಟಿನ ಧೂಳು. ಜೆಲ್ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಮನೆಯಲ್ಲಿ ಹುರಿಯುವಂಥದ್ದಲ್ಲ. ಬಣ್ಣ ಹಸಿರಿಗೆ ತಿರುಗಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಬಿಸಿ ಮಾಡಿ. 120 ಡಿಗ್ರಿ ಸಾಕು. ಕಿತ್ತಳೆ ಮರಳಿದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು ಅಲ್ಲೇ ಆರಿಸಿ. ತೆರೆದಿಟ್ಟು ಆರಿಸಿದರೆ ಆಗಸ್ಟಿನ ಗಾಳಿಯಲ್ಲಿ ಆರುವ ಹೊತ್ತಿಗೇ ಮತ್ತೆ ನೀರು ಕುಡಿದಿರುತ್ತದೆ.