ಬಣ್ಣಕ್ಕಿಂತ ಮೊದಲು ಬೂದು ಪರದೆ: ನನ್ನ ಅನುಭವ

ಆ್ಯಪ್ ವಿನ್ಯಾಸದಲ್ಲಿ ಬಣ್ಣ ಹಚ್ಚದ, ಬರೀ ಬೂದು ಚೌಕಗಳ ಕರಡು ಪರದೆಗಳನ್ನೇ ಮೊದಲು ಬಳಕೆದಾರರ ಮುಂದಿಟ್ಟು ಪರೀಕ್ಷಿಸಬೇಕೆಂದು ನಾನು ಪಟ್ಟು ಹಿಡಿದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಬೂದು ಚೌಕಗಳಿಗೆ ಹಣ ಕೊಡಲು ಗ್ರಾಹಕ ಸಂಸ್ಥೆಯೂ ಸಿದ್ಧವಿರಲಿಲ್ಲ. ಇದೇ ಕ್ರಮದಲ್ಲಿ ರೂಪಿಸಿದ ಆ್ಯಪ್‌ಗಳು ಈಗ ಬಳಕೆಯಲ್ಲಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಿಂದಿನ ಕ್ರಮದಲ್ಲಿ ಚೆಂದದ ಮಾದರಿಯೇ ದೋಷಗಳನ್ನು ಮುಚ್ಚಿಹಾಕುತ್ತಿತ್ತು. ಬುಕಿಂಗ್ ಆ್ಯಪ್ ಒಂದರ ಪರೀಕ್ಷೆಯಲ್ಲಿ ದಿನಾಂಕ ಬದಲಿಸುವ ಕೆಲಸವನ್ನು ಸುಮಾರು ಅರ್ಧದಷ್ಟು ಜನ ಮುಗಿಸಲೇ ಇಲ್ಲ. ಆದರೂ ಪ್ರಶ್ನಾವಳಿಯಲ್ಲಿ ‘ಬಳಸಲು ಸುಲಭ’ ಎಂದೇ ಗುರುತು ಹಾಕಿದರು. 1995ರಲ್ಲಿ ಜಪಾನಿನ ಕುರೊಸು ಮತ್ತು ಕಶಿಮುರ ಎಟಿಎಂ ಪರದೆಯ 26 ವಿನ್ಯಾಸಗಳನ್ನು ಜನರಿಗೆ ತೋರಿಸಿದಾಗಲೂ, ಸುಲಭವೆಂಬ ಅನಿಸಿಕೆ ನಿಜವಾದ ಸುಲಭತೆಗಿಂತ ಅಂದವನ್ನೇ ಹೆಚ್ಚು ಹಿಂಬಾಲಿಸಿತ್ತು. ಆ ಅನಿಸಿಕೆಯ ಮೇಲೆ ಬಿಡುಗಡೆಯಾದ ನಮ್ಮ ಆ್ಯಪ್‌ನ ತಿದ್ದುಪಡಿಗೆ ವಿನ್ಯಾಸದ ಬಜೆಟ್ಟಿನ ಮೂರನೇ ಒಂದು ಪಾಲು ಕರಗಿಹೋಯಿತು.

ಈಗ ಬೂದು ಹಂತದಲ್ಲಿ ಅಭಿಪ್ರಾಯವನ್ನೇ ಕೇಳುವುದಿಲ್ಲ. ಕೆಲಸ ಮುಗಿಯಿತೇ, ಎಷ್ಟು ಹೊತ್ತು ಹಿಡಿಯಿತು, ಬೆರಳು ಎಲ್ಲಿ ತಡೆಯಿತು ಎಂಬಷ್ಟನ್ನೇ ಬರೆದುಕೊಳ್ಳುತ್ತೇನೆ. ಕೆಲಸಗಳನ್ನು ಯಾವ ಅನುಕ್ರಮದಲ್ಲಿ ಕೊಟ್ಟರೆ ಅಡಗಿದ ದೋಷ ಬೇಗ ಮೇಲೇಳುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡಲಾರೆ. ಚೌಕಟ್ಟು ಗಟ್ಟಿಯಾದ ಮೇಲೆ ಅದಕ್ಕೆ ಒಂದು ಸಾದಾ, ಒಂದು ಅಂದದ ಹೊದಿಕೆ ತೊಡಿಸಿ ಮತ್ತೆ ಪರೀಕ್ಷಿಸುತ್ತೇನೆ. ಎರಡರಲ್ಲೂ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ; ಆದರೆ ಅಂದದ ಪರದೆಯ ಮುಂದೆ ಜನ ತಪ್ಪಾದರೂ ಕೈಬಿಡದೆ ಮತ್ತೊಮ್ಮೆ ಪ್ರಯತ್ನಿಸುತ್ತಾರೆ. ಅಂದಕ್ಕೆ ನಾನು ಕೊಡುವ ಬೆಲೆ ಆ ತಾಳ್ಮೆಗಾಗಿ.

ಇದರ ನಡುವೆ ತಿಳಿಬೂದು ಅಕ್ಷರಗಳನ್ನೂ ಬೇರೆಯಾಗಿ ಪರೀಕ್ಷಿಸಿದೆ. ವಿನ್ಯಾಸಕಾರರು ಮೆಚ್ಚುವ, #999999 ಎಂಬ ಸಂಕೇತದ ತಿಳಿಬೂದು ಬಣ್ಣ ಬಿಳಿಯ ಮೇಲೆ ಸುಮಾರು 2.8:1 ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಹೊಳಪಿನ ಅನುಪಾತ) ಮಾತ್ರ ಕೊಡುತ್ತದೆ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಎಎ ಮಟ್ಟ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5:1. ಅಕ್ಷರದ ಬಣ್ಣವನ್ನು ಇನ್ನಷ್ಟು ಗಾಢವಾದ ಬೂದು #767676ಕ್ಕೆ ಇಳಿಸಿದಾಗ ಫಾರ್ಮಿನಲ್ಲಿ ಖಾಲಿ ಉಳಿಯುತ್ತಿದ್ದ ಕಾಲಂಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು, ಪರದೆಯ ಸೊಬಗು ಕೆಟ್ಟಿತೆಂದು ಒಬ್ಬರೂ ಹೇಳಲಿಲ್ಲ.

ಖರ್ಚಿನ ಲೆಕ್ಕದಲ್ಲಿ ಬೂದು ಹಂತಕ್ಕೆ ಬಜೆಟ್ಟಿನ ಹತ್ತನೇ ಒಂದು ಪಾಲಿನಷ್ಟು ಸಾಕಾಗುತ್ತಿದೆ. ಬಿಡುಗಡೆಯ ನಂತರದ ತಿದ್ದುಪಡಿಗಳು ಈಗ ಬಹುತೇಕ ಬಣ್ಣ, ಅಂತರ, ಐಕಾನ್‌ಗಳಿಗೆ ಸೀಮಿತವಾಗಿದ್ದು, ಚೌಕಟ್ಟನ್ನು ಒಡೆದು ಕಟ್ಟುವ ಪ್ರಸಂಗ ಮತ್ತೆ ಬಂದಿಲ್ಲ.