ಊರಿನ ಜನ ಹೆಚ್ಚಿದರೆ ನೀರು ಸಾಲುತ್ತಾ? ನೀವೇ ಲೆಕ್ಕ ಹಾಕಿ

2022ರ ನವೆಂಬರಿನಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತು. 2080ರ ದಶಕದ ಹೊತ್ತಿಗೆ ಸುಮಾರು 1,030 ಕೋಟಿ ಆಗಬಹುದು ಅಂತ ವಿಶ್ವಸಂಸ್ಥೆಯ ಅಂದಾಜು. ಸುಮ್ನೆ ಓದಿ ಬಿಡಬೇಡಿ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರದಲ್ಲಿ ಇದು ನೇರವಾಗಿ ನೀರಿನ ಪ್ರಶ್ನೆ, ಅಲ್ವಾ?

ಪಂಚಾಯಿತಿಯಲ್ಲಿ 2001 ಮತ್ತು 2011ರ ಜನಗಣತಿಯ ಅಂಕಿ ಕೇಳಿ. 1,600 ಇದ್ದದ್ದು 1,800 ಆಗಿದ್ದರೆ ಈಗ 2,000 ದಾಟಿರಬಹುದು. ಮನೆ ಎಣಿಸಿ ತಾಳೆ ನೋಡಿ, ಕೆಲಸಕ್ಕೆ ಬಂದು ನೆಲೆಸಿದವರನ್ನೂ ಸೇರಿಸಿ. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. 2,000 ಜನಕ್ಕೆ 1,10,000 ಲೀಟರ್.

ಈಗ ಬೋರ್‌ವೆಲ್. ಆನ್ ಮಾಡಿದ ತಕ್ಷಣ ಜೋರಾಗಿ ಬರುವ ನೀರನ್ನು ನಂಬಬೇಡಿ, ಮೋಟಾರು ಒಂದು ಗಂಟೆಯಾದರೂ ಓಡಲಿ, ಆಮೇಲೆ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಅಂದರೆ ದಿನಾ 15 ಗಂಟೆಗಿಂತ ಜಾಸ್ತಿ ಓಡಬೇಕು! ಏಪ್ರಿಲಿನಲ್ಲೇ ಅಳೆಯಿರಿ, ಮಳೆಗಾಲದ ಲೆಕ್ಕ ಬೇಸಿಗೆಗೆ ಉಪಯೋಗಕ್ಕೆ ಬರಲ್ಲ.

ಕೊರತೆ ಕಂಡರೆ ಹೊಸ ಬೋರ್‌ವೆಲ್ ಕೇಳುವ ಮೊದಲು ಗ್ರಾಮಸಭೆಯಲ್ಲಿ ಈ ಅಂಕಿ ಇಟ್ಟು, ಕೆರೆಯ ಹೂಳು ತೆಗೆಯುವ ಮತ್ತು ಕೆರೆಗೆ ಮಳೆನೀರು ತರುವ, ಈಗ ಮುಚ್ಚಿಹೋದ ರಾಜಕಾಲುವೆ ತೆರವು ಮಾಡುವ ಕೆಲಸ ಕೇಳಿ.