ಬಣ್ಣದ ನೀರಿಗೆ ಮರದ ಹೊಟ್ಟು
ಮೆಥಿಲೀನ್ ನೀಲಿ, ಕ್ರಿಸ್ಟಲ್ ವಯೊಲೆಟ್‌ನಂಥ ಬಣ್ಣ ಬೆರೆತ ನೀರನ್ನು ಹಾಗೇ ಚೆಲ್ಲಬೇಡಿ. ಲೀಟರಿಗೆ 5ರಿಂದ 10 ಗ್ರಾಂ ಮರದ ಹೊಟ್ಟು ಹಾಕಿ, ಒಂದೆರಡು ಗಂಟೆ ಆಗಾಗ ಕಲಕಿ, ಬಟ್ಟೆಯಲ್ಲಿ ಸೋಸಿ; ಬಣ್ಣ ತೆಳುವಾಗಿದ್ದರೆ ಬಹುಪಾಲು ಹೊಟ್ಟಿಗೇ ಅಂಟಿಕೊಳ್ಳುತ್ತದೆ. ಮರದ ಸೆಲ್ಯುಲೋಸ್, ಲಿಗ್ನಿನ್‌ಗಳ ಮೇಲ್ಮೈಗೆ ನೀರಿನಲ್ಲಿ ಋಣ ವಿದ್ಯುದಂಶ ಬರುತ್ತದೆ, ಈ ಬಣ್ಣಗಳದ್ದು ಧನ, ಹಾಗಾಗಿ ಸೆಳೆತ. ಹೊಟ್ಟು ನುಣ್ಣಗಿದ್ದಷ್ಟೂ ಒಳ್ಳೆಯದು, ಆದರೆ ತೀರಾ ಹಿಟ್ಟಾದರೆ ಸೋಸುವುದೇ ಕಷ್ಟ. ಹೊಟ್ಟನ್ನು ಮೊದಲೇ ಬಿಸಿನೀರಿನಲ್ಲಿ, ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತೊಳೆದು ಒಣಗಿಸಿರಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಇಲ್ಲದಿದ್ದರೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ನೀರಿಗೆ ಇಳಿದು, ನೀಲಿ ಹೋಗಿ ಕಂದು ಬಂತು ಅನ್ನುವ ಹಾಗಾಗುತ್ತದೆ. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳಿಗೆ ಇದು ಅಷ್ಟಾಗಿ ನಡೆಯುವುದಿಲ್ಲ: ಅವೂ ಋಣವೇ, ದೂರ ತಳ್ಳಲ್ಪಡುತ್ತವೆ. ವಿನೆಗರ್ ಹಾಕಿ ನೀರನ್ನು ಹುಳಿ ಮಾಡಿದರೆ ಸ್ವಲ್ಪ ಸುಧಾರಿಸಬಹುದು. ಉಪ್ಪು ಹೆಚ್ಚಿರುವ ನೀರಿನಲ್ಲೂ ಹಿಡಿತ ಸಡಿಲ. ತಿಳಿಯಾಗಿ ಕಂಡರೂ ಆ ನೀರು ಕುಡಿಯಲು ಅಲ್ಲ. ಬಣ್ಣ ಹೀರಿದ ಹೊಟ್ಟನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಬಣ್ಣ ಮತ್ತೆ ಮಣ್ಣಿಗೆ ಬಿಟ್ಟುಕೊಳ್ಳುತ್ತದೆ.